ಮೊದಲ 21 ಕಿ.ಮೀ. ಓಟಕ್ಕೆ 16 ವಾರ: ಒಂದು ಜೊತೆ ಶೂ, ಒಂದು ಕೈಗಡಿಯಾರ, ಗೋಡೆಯ ಕ್ಯಾಲೆಂಡರ್

ಪ್ರತಿ ಸಲವೂ ಪ್ರಶ್ನೆ ಒಂದೇ. ಓಡಲು ಶುರು ಮಾಡಿ ಐದು ವಾರವಾಯಿತು, ಮೊಣಕಾಲಿನ ಕೆಳಗೆ ಮೂಳೆ ನೋಯುತ್ತಿದೆ, ಏನು ಮಾಡಲಿ? ಏನೇನು ಮಾಡುತ್ತಿದ್ದಿರಿ ಎಂದು ವಿಚಾರಿಸಿದರೆ ಫೋನು ತೆಗೆದು ತೋರಿಸುತ್ತಾರೆ. ಮೂರು ಆ್ಯಪ್, ಐದು ಬಣ್ಣದಲ್ಲಿ ಹೃದಯಬಡಿತದ ನಕ್ಷೆ, ಯಾರೋ ಕಳಿಸಿದ ವೇಳಾಪಟ್ಟಿ. ನಾನೂ ಹಾಗೆಯೇ ಶುರು ಮಾಡಿದವನು. ಒಂದು ಯೋಜನೆಯಿಂದ ವೇಗದ ಸುತ್ತು, ಇನ್ನೊಂದರಿಂದ ಬೆಟ್ಟ ಹತ್ತುವುದು, ಮತ್ತೊಂದರಿಂದ ಭಾನುವಾರದ ಉದ್ದ ಓಟ. ಬಿಡಿಯಾಗಿ ನೋಡಿದರೆ ಮೂರೂ ಸರಿಯಾದವೇ. ಕಲಸಿ ಚಿತ್ರಾನ್ನ ಮಾಡಿದವನು ನಾನು. ಐದನೇ ವಾರ ಬಲಗಾಲು ಕೈಕೊಟ್ಟಿತು, ಮುಂದಿನ ಆರು ವಾರ ಮನೆಯಲ್ಲಿ ಕೂತೆ.

ಈ ಬರಹ ಮೊದಲ ಸಲ ಹಾಫ್ ಮ್ಯಾರಥಾನ್, ಅಂದರೆ 21.1 ಕಿ.ಮೀ., ಮುಗಿಸಬೇಕೆಂದಿರುವವರಿಗೆ. ನಿಲ್ಲದೆ 45 ನಿಮಿಷ ಚುರುಕಾಗಿ ನಡೆಯಬಲ್ಲವರು ಇಲ್ಲಿಂದ ಶುರು ಮಾಡಬಹುದು. ಅಷ್ಟು ಆಗದವರು ಮೊದಲು ಒಂದು ತಿಂಗಳು ನಡೆಯಿರಿ. ಅದಕ್ಕೆ ಅಡ್ಡದಾರಿ ಇಲ್ಲ.

ಬೇಕಾದ ಸಾಮಾನು

ಶೂ: ಹಣ ಹಾಕುವುದಿದ್ದರೆ ಇದಕ್ಕೆ ಮಾತ್ರ ಹಾಕಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು, ಎದ್ದು ನಿಂತು ನೋಡಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಬೇಕು. ಇಲ್ಲದಿದ್ದರೆ ಹತ್ತನೇ ವಾರದ ಹೊತ್ತಿಗೆ ಕಾಲಿನ ಉಗುರು ಕಪ್ಪಾಗುತ್ತದೆ. ಒಂದು ಜೊತೆ 500ರಿಂದ 800 ಕಿ.ಮೀ. ಬಾಳಿಕೆ ಬರುತ್ತದೆ, ಹಾಗಾಗಿ ಈ 16 ವಾರಕ್ಕೆ ಒಂದೇ ಸಾಕು.

ಕೈಗಡಿಯಾರ: ನಿಮಿಷ ಎಣಿಸಿದರೆ ಸಾಕು. ಇಲ್ಲಿ ಎಲ್ಲ ಲೆಕ್ಕವೂ ನಿಮಿಷದಲ್ಲೇ ಇದೆ, ಕಿಲೋಮೀಟರಿನಲ್ಲಿ ಇಲ್ಲ.

ಕ್ಯಾಲೆಂಡರ್: ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವುದೇ ಆಗಬಹುದು. ಅದೇ ಚೌಕದ ಕೆಳಮೂಲೆಯಲ್ಲಿ ಓಡಿದ ನಿಮಿಷ ಬರೆಯಿರಿ. ಮನೆಯವರ ಕಣ್ಣಿಗೂ ಬೀಳುತ್ತದೆ, ಖಾಲಿ ಚೌಕ ತಾನೇ ಕೇಳುತ್ತದೆ.

ಹೆಂಗಸರಿಗೆ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಮುಖ್ಯ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿ ಗುಳ್ಳೆ ಎಬ್ಬಿಸುತ್ತದೆ, ಸಿಂಥೆಟಿಕ್ ಕೊಳ್ಳಿರಿ. ತೊಡೆಸಂದಿಗೆ ವ್ಯಾಸಲೀನ್. ಇಷ್ಟೇ. ಎದೆಪಟ್ಟಿ, ಮೀನಖಂಡದ ಬಿಗಿಚೀಲ, ಪ್ರೋಟೀನ್ ಡಬ್ಬ ಇವೆಲ್ಲ ಎರಡನೇ ಓಟಕ್ಕೆ ಇರಲಿ.

ಹಂತ 1: ತಾರೀಖಿನಿಂದ ಹಿಂದಕ್ಕೆ ಎಣಿಸಿ

ಮೊದಲು ಓಟದ ದಿನ ಗೊತ್ತುಮಾಡಿಕೊಳ್ಳಿ, ಆಮೇಲೆ 16 ವಾರ ಹಿಂದಕ್ಕೆ ಬನ್ನಿ. ಡಿಸೆಂಬರ್ ಮೂರನೇ ವಾರದ ಓಟಕ್ಕೆ ಆಗಸ್ಟ್ ಕೊನೆಯಲ್ಲಿ ಶುರು ಮಾಡಬೇಕಾಗುತ್ತದೆ. ನಡುವೆ ಮಳೆ ಇದೆ, ಗಣೇಶನ ಹಬ್ಬ, ದಸರೆ, ದೀಪಾವಳಿ ಇವೆ, ಊರಿಗೆ ಹೋಗುವುದಿದೆ. ಪೇಟೆಯ ವೇಳಾಪಟ್ಟಿಗಳು ಮುರಿದುಬೀಳುವುದು ಇಲ್ಲೇ: ಅವುಗಳಿಗೆ ನಮ್ಮ ಹಬ್ಬ ಗೊತ್ತಿಲ್ಲ. ಮುಂದೆ ಹೇಳುವ ಇಳಿಕೆಯ ವಾರವನ್ನು ಹಬ್ಬದ ವಾರಕ್ಕೆ ಸರಿಸಿಕೊಂಡರೆ ಹೋಳಿಗೆಯೂ ಉಳಿಯಿತು, ತರಬೇತಿಯೂ ಉಳಿಯಿತು.

ಶುರು ಮಾಡುವ ಮುನ್ನ ವೈದ್ಯರನ್ನು ಕಾಣಬೇಕಾದವರು ಇದ್ದಾರೆ. 40 ದಾಟಿದವರು, ರಕ್ತದೊತ್ತಡ, ಮಧುಮೇಹ ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು. ಸದಾ ಸುಸ್ತು ಎನ್ನುವ ಹೆಂಗಸರು ಹಿಮೊಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಯಾವ ಯೋಜನೆಯೂ ಫಲ ಕೊಡುವುದಿಲ್ಲ.

ಹಂತ 2: ನಿಮ್ಮ ನಿಧಾನ ಗತಿ ಹುಡುಕಿ

ಇಡೀ ಬರಹದಲ್ಲಿ ಒಂದನ್ನೇ ಓದುತ್ತೀರಿ ಎಂದಾದರೆ ಇದನ್ನು ಓದಿ. ಕೈಚೆಲ್ಲಿ ಕೂತ ಬಹುಪಾಲು ಜನ ಎಡವಿದ್ದು ಇಲ್ಲಿಯೇ.

ತಿಂಗಳೊಪ್ಪತ್ತಿನಲ್ಲಿ ಹೃದಯ, ಶ್ವಾಸಕೋಶ ಪಳಗುತ್ತವೆ. ಏದುಸಿರು ಕಡಿಮೆಯಾಗುತ್ತದೆ, ಇನ್ನಷ್ಟು ಓಡಬಹುದು ಎನಿಸುತ್ತದೆ. ಆದರೆ ಮೂಳೆ, ಸ್ನಾಯುರಜ್ಜು ಆ ಹೊತ್ತಿಗೆ ಇನ್ನೂ ಹಿಂದೆ ಇರುತ್ತವೆ. ಅವು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಎಂಜಿನ್ ದೊಡ್ಡದು ಮಾಡಿ ಚಕ್ರ ಹಳೆಯದೇ ಉಳಿಸಿಕೊಂಡ ಗಾಡಿಯ ಹಾಗೆ. ಐದನೇ ವಾರದ ನೋವು ಹುಟ್ಟುವುದು ಈ ಅಂತರದಲ್ಲಿ. ನಿಧಾನವಾಗಿ ಓಡಿದರೆ ಹೃದಯಕ್ಕೆ ಬೇಕಾದ ಕೆಲಸವೂ ಸಿಗುತ್ತದೆ, ಕಾಲಿಗೂ ಕಾಲಾವಕಾಶ ಸಿಗುತ್ತದೆ.

ನಿಧಾನ ಅಂದರೆ ಎಷ್ಟು? 220ರಿಂದ ವಯಸ್ಸು ಕಳೆಯುವ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಅದು ಸರಾಸರಿಯ ಸೂತ್ರ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುವುದು ಸಾಮಾನ್ಯ. ಕೈಗೆ ಕಟ್ಟುವ ಗಡಿಯಾರದ ಬಡಿತದ ಲೆಕ್ಕವೂ ಎಷ್ಟೋ ಸಲ ಹೆಜ್ಜೆಯನ್ನೇ ಎಣಿಸಿ ಸುಳ್ಳು ಹೇಳುತ್ತದೆ. ನನ್ನ ಅಳತೆಗೋಲು ಏಳರ ಮಗ್ಗಿ. ಓಡುತ್ತಲೇ ಗಟ್ಟಿಯಾಗಿ ಹೇಳಿ: ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು, ಏಳ್ಮೂರ್ಲ ಇಪ್ಪತ್ತೊಂದು. ಒಂದೇ ಉಸಿರಿನಲ್ಲಿ ಮೂರು ಸಾಲು ಸಲೀಸಾಗಿ ಬಂದರೆ ಗತಿ ಸರಿ ಇದೆ. ಎರಡೇ ಸಾಲಿಗೆ ಉಸಿರು ಕಟ್ಟಿದರೆ ಇಳಿಸಿ. ಒಂದು ಸಾಲಿಗೇ ನಿಂತರೆ ನೀವು ಸ್ಪರ್ಧೆಯ ವೇಗದಲ್ಲಿ ಇದ್ದೀರಿ, ನಡೆಯಿರಿ. ಪಕ್ಕದಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ಮೊದಮೊದಲು ಈ ಗತಿ ಅವಮಾನ ಅನಿಸುವಷ್ಟು ನಿಧಾನ ಇರುತ್ತದೆ. ಕಿಲೋಮೀಟರಿಗೆ ಎಂಟೋ ಒಂಬತ್ತೋ ನಿಮಿಷ. ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರು ಮಾಡಿ. ನಾಲ್ಕನೇ ವಾರಕ್ಕೆ ನಾಲ್ಕು-ಒಂದು, ಎಂಟನೇ ವಾರದ ಹೊತ್ತಿಗೆ ಒಂಬತ್ತು-ಒಂದು. ನಡುವೆ ನಡೆದರೆ ಅದು ಓಟವಲ್ಲ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಕಿಲೋಮೀಟರಿಗೆ 8 ನಿಮಿಷದ ಗತಿಯಲ್ಲೇ ಕೊನೆತನಕ ಹೋದರೂ 21.1 ಕಿ.ಮೀ. 2 ಗಂಟೆ 49 ನಿಮಿಷದಲ್ಲಿ ಮುಗಿಯುತ್ತದೆ. ಹೆಸರು ಕೊಡುವ ಮುನ್ನ ಆಯೋಜಕರು ಕೊಟ್ಟಿರುವ ಗರಿಷ್ಠ ಸಮಯವನ್ನು ಮಾತ್ರ ನೋಡಿಕೊಳ್ಳಿ.

ಹಂತ 3: ವಾರದ ನಾಲ್ಕು ದಿನ ಗಟ್ಟಿ ಮಾಡಿ

ಮಂಗಳವಾರ, ಗುರುವಾರ ತಲಾ 30 ನಿಮಿಷ. ಶನಿವಾರ 25 ನಿಮಿಷ. ಭಾನುವಾರ ಉದ್ದ ಓಟ. ಬುಧವಾರ, ಶುಕ್ರವಾರ ಮನೆಯಲ್ಲೇ 15 ನಿಮಿಷ ಕಸರತ್ತು. ಸೋಮವಾರ ಏನೂ ಇಲ್ಲ. ಮಂಗಳವಾರ, ಗುರುವಾರದ ಓಟಕ್ಕೆ ಎರಡು ವಾರಕ್ಕೊಮ್ಮೆ ಐದು ನಿಮಿಷ ಸೇರಿಸುತ್ತ 50ಕ್ಕೆ ತಂದು ನಿಲ್ಲಿಸಿ. ಶನಿವಾರದ್ದು 30 ದಾಟುವುದು ಬೇಡ. ಮೊದಲ ವಾರ ಒಟ್ಟು ಎರಡು ಗಂಟೆಯ ಆಸುಪಾಸು, ಹದಿನಾಲ್ಕನೇ ವಾರ ನಾಲ್ಕೂಕಾಲು ಗಂಟೆ.

ಒಂದು ದಿನ ತಪ್ಪಿತೆನ್ನಿ. ಅದು ಹೋಯಿತು, ಮರೆತುಬಿಡಿ. ಮಂಗಳವಾರದ್ದನ್ನು ಬುಧವಾರಕ್ಕೂ, ಬುಧವಾರದ್ದನ್ನು ಗುರುವಾರಕ್ಕೂ ತುರುಕುವುದು ಬೇಡ. ತಪ್ಪಿದ ಓಟದಿಂದ ಕಾಲು ಕೆಟ್ಟವರನ್ನು ನಾನು ಕಂಡಿಲ್ಲ, ಅದನ್ನು ತೀರಿಸಹೋಗಿ ಕೆಟ್ಟವರನ್ನು ಕಂಡಿದ್ದೇನೆ. ಇಡೀ ವಾರ ತಪ್ಪಿದ್ದರೆ ಹಿಂದಿನ ವಾರವನ್ನೇ ಮತ್ತೊಮ್ಮೆ ಮಾಡಿ. ಎರಡು ವಾರ ತಪ್ಪಿದರೆ ಮೂರು ವಾರ ಹಿಂದಕ್ಕೆ ಹೋಗಿ.

ಜಾಗದ ವಿಷಯ. ಮಣ್ಣಿನ ದಾರಿ ಸಿಕ್ಕರೆ ಅದೃಷ್ಟ. ಬೆಂಗಳೂರಿನವರಿಗೆ ಕಬ್ಬನ್ ಉದ್ಯಾನ, ಲಾಲ್‌ಬಾಗ್ ಇವೆ, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆ ಇದೆ. ರಸ್ತೆಯೇ ಗತಿ ಎಂದಾದರೆ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ ಓಡಿ. ರಸ್ತೆಯ ಅಂಚು ಇಳಿಜಾರಾಗಿದ್ದರೆ ಒಂದು ಕಾಲಿಗೆ ಸದಾ ಹೆಚ್ಚು ಪೆಟ್ಟು ಬೀಳುತ್ತದೆ, ಆದಷ್ಟು ಸಮತಟ್ಟಾದ ಭಾಗದಲ್ಲಿ ಹೋಗಿ. ಬೀದಿನಾಯಿ ಬೊಗಳುತ್ತ ಬಂದರೆ ಓಟ ನಿಲ್ಲಿಸಿ ನಡೆಯಿರಿ, ಬೆನ್ನು ಹಾಕಿ ಓಡಬೇಡಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅವತ್ತೇ ಲಸಿಕೆಗೆ ಹೋಗಿ. ಕತ್ತಲಿರುವಾಗ ಹೊರಡುವವರು ಜೊತೆ ಹುಡುಕಿಕೊಳ್ಳಿ, ತಿಳಿಬಣ್ಣದ ಅಂಗಿ ತೊಡಿ.

ಹಂತ 4: ಭಾನುವಾರದ ಉದ್ದ ಓಟ

ಇಡೀ ತರಬೇತಿ ನಿಂತಿರುವ ಕಂಬ ಇದೇ. ಕ್ಯಾಲೆಂಡರಿನ ಭಾನುವಾರಗಳಲ್ಲಿ ಈಗಲೇ ಪೆನ್ಸಿಲಿನಲ್ಲಿ ನಿಮಿಷ ಬರೆದುಕೊಳ್ಳಿ:

1ರಿಂದ 4ನೇ ವಾರ: 40, 45, 50, 40
5ರಿಂದ 8ನೇ ವಾರ: 60, 70, 80, 60
9ರಿಂದ 12ನೇ ವಾರ: 90, 100, 110, 80
13ರಿಂದ 16ನೇ ವಾರ: 120, 130, 75, ಓಟದ ದಿನ

ನಾಲ್ಕು, ಎಂಟು, ಹನ್ನೆರಡನೇ ವಾರಗಳಲ್ಲಿ ಸಂಖ್ಯೆ ಇಳಿದಿದೆಯಲ್ಲ, ಅವೇ ಇಳಿಕೆಯ ವಾರಗಳು. ಉಳಿದ ದಿನಗಳ ಓಟವನ್ನೂ ಆ ವಾರ ಮೂರನೇ ಒಂದು ಭಾಗ ತಗ್ಗಿಸಿ. ಮೂರು ವಾರದ ದುಡಿಮೆಯನ್ನು ಮೈ ಅರಗಿಸಿಕೊಳ್ಳುವುದು ಆಗ. ಚೆನ್ನಾಗಿ ಓಡುತ್ತಿದ್ದೇನೆ, ಇದನ್ನು ಬಿಟ್ಟುಬಿಡೋಣ ಎಂಬ ಆಸೆ ಎಂಟನೇ ವಾರದಲ್ಲಿ ಎಲ್ಲರಿಗೂ ಬರುತ್ತದೆ. ಆ ಆಸೆಯೇ ಇಳಿಕೆ ಬೇಕು ಎಂಬುದರ ಗುರುತು.

130 ನಿಮಿಷಕ್ಕೆ ಹೆಚ್ಚುಕಡಿಮೆ 16 ಕಿ.ಮೀ. ಆಗುತ್ತದೆ. ಉಳಿದ ಐದು ಕಿ.ಮೀ. ಯಾವಾಗ ಓಡುವುದು ಎಂದು ಕೇಳುತ್ತಾರೆ. ಅವತ್ತಿನ ದಿನವೇ. ಅಭ್ಯಾಸದಲ್ಲಿ 21 ಮುಟ್ಟಿ ನೋಡಿಬಿಡೋಣ ಎಂದು ಕಡೆಯ ಎರಡು ವಾರದಲ್ಲಿ ಓಡಿದವರು ಓಟದ ದಿನ ಸುಸ್ತಾದ ಕಾಲಿನಲ್ಲೇ ನಿಂತಿರುತ್ತಾರೆ.

ಉದ್ದ ಓಟವೂ ಮೂರು ಸಾಲಿನ ಮಗ್ಗಿಯ ಗತಿಯಲ್ಲೇ ಇರಬೇಕು. ಮಂಗಳೂರು, ಉಡುಪಿಯ ಕಡೆಯವರಿಗೆ ಸೆಕೆಯಿಂದಾಗಿ ಅದೇ ಶ್ರಮಕ್ಕೆ ಗತಿ ಇನ್ನೂ ಕುಗ್ಗುತ್ತದೆ, ಕುಗ್ಗಲಿ. ಕಲಬುರಗಿ, ರಾಯಚೂರಿನವರು ಬೇಸಿಗೆಯಲ್ಲಿ ಶುರು ಮಾಡಿದರೆ ಸೂರ್ಯ ಹುಟ್ಟುವಷ್ಟರಲ್ಲಿ ಮುಗಿಸುವ ಹಾಗೆ ಏಳಬೇಕು. ಗತಿಗಾಗಿ ಬಿಸಿಲಿನ ಜೊತೆ ಜಗಳಕ್ಕೆ ಇಳಿಯಬೇಡಿ.

ಹಂತ 5: ಏಳನೇ ವಾರದಿಂದ ಒಂದೇ ಒಂದು ಬಿರುಸಿನ ದಿನ

ಆರು ವಾರ ನೋವಿಲ್ಲದೆ ಕಳೆದಿದ್ದರೆ ಮಾತ್ರ ಇದು. ಗುರುವಾರ ಹತ್ತು ನಿಮಿಷ ನಿಧಾನ ಓಡಿ. ಆಮೇಲೆ ಐದು ನಿಮಿಷ ಬಿರುಸು, ಎರಡು ನಿಮಿಷ ನಿಧಾನ, ಹೀಗೆ ಮೂರು ಸಲ. ಕೊನೆಗೆ ಹತ್ತು ನಿಮಿಷ ನಿಧಾನ. ಬಿರುಸು ಎಂದರೆ ಮಗ್ಗಿಯ ಒಂದು ಸಾಲಿಗೆ ಒಂದು ಉಸಿರು, ಅಷ್ಟೇ. ಪ್ರಾಣ ಬಿಟ್ಟು ಓಡುವುದಲ್ಲ. ಮೂರನೇ ಸುತ್ತು ಮೊದಲನೆಯದರಷ್ಟೇ ದೂರ ಹೋಗಿದ್ದರೆ ಅಳತೆ ಸರಿಯಿತ್ತು. ವಾರದಿಂದ ವಾರಕ್ಕೆ ಹಿಗ್ಗಿಸುತ್ತ ಹದಿನಾಲ್ಕನೇ ವಾರಕ್ಕೆ ಸತತ 20 ನಿಮಿಷಕ್ಕೆ ತನ್ನಿ. ಇಳಿಕೆಯ ವಾರದಲ್ಲಿ ಬಿರುಸು ಬೇಡ.

ಇದನ್ನು ಪೂರ್ತಿ ಬಿಟ್ಟರೂ 21 ಕಿ.ಮೀ. ಮುಗಿಯುತ್ತದೆ. ಎರಡು ದಿನ ಮಾಡಿದರೆ ಮುಗಿಯುವುದು ಅನುಮಾನ.

ಹಂತ 6: ಬುಧವಾರ, ಶುಕ್ರವಾರದ 15 ನಿಮಿಷ

ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 15 ಸಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು 15. ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು 15. ಮೊಣಕೈ ಊರಿ ಹಲಗೆಯ ಹಾಗೆ ಮೈ ನೇರ ಹಿಡಿಯುವುದು 30 ಸೆಕೆಂಡು. ಇವನ್ನೇ ಮೂರು ಸುತ್ತು. ಮೊದಲ ತಿಂಗಳ ನಂತರ ಹಿಮ್ಮಡಿಯ ಕಸರತ್ತನ್ನು ಒಂಟಿ ಕಾಲಿನಲ್ಲಿ ಮಾಡಿ. ಓಡುವಾಗ ಮೀನಖಂಡ ಹೊರುವ ಭಾರ ದೊಡ್ಡದು.

ಹಂತ 7: ಊಟ, ನೀರು

ದಿನದ ಊಟ ಬದಲಿಸಬೇಕಾಗಿಲ್ಲ. ಮುದ್ದೆ, ಅನ್ನ, ರೊಟ್ಟಿ ಯಾವುದಾದರೂ ಸರಿ. ಬೇಳೆಕಾಳು, ಮೊಟ್ಟೆ, ಮೊಸರು ಸ್ವಲ್ಪ ಹೆಚ್ಚಲಿ. 30-40 ನಿಮಿಷದ ಓಟಕ್ಕೆ ಖಾಲಿ ಹೊಟ್ಟೆಯಲ್ಲಿ ಅಥವಾ ಒಂದು ಏಲಕ್ಕಿ ಬಾಳೆ ತಿಂದು ಹೊರಡಬಹುದು. ಕಾಫಿ ಕುಡಿಯುವವರು ಕುಡಿಯಿರಿ, ಶೌಚಕ್ಕೆ ಹೋಗುವಷ್ಟು ಸಮಯ ಮಾತ್ರ ಇಟ್ಟುಕೊಳ್ಳಿ. ಉದ್ದ ಓಟದ ಹಿಂದಿನ ರಾತ್ರಿ ಖಾರ, ಕರಿದದ್ದು, ಕಾಳಿನ ಸಾರು ಬೇಡ. ಯಾಕೆಂದು ಎಂಬತ್ತನೇ ನಿಮಿಷದಲ್ಲಿ ಗೊತ್ತಾಗುತ್ತದೆ.

90 ನಿಮಿಷ ಮೀರಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬೆಲ್ಲದ ತುಂಡು, ಖರ್ಜೂರ ಕೂಡ ಆಗುತ್ತವೆ. ಏನು ತಿನ್ನುವುದಿದ್ದರೂ ಒಂಬತ್ತನೇ ವಾರದಿಂದಲೇ ತಿಂದು ಹೊಟ್ಟೆ ಪಳಗಿಸಿ. ನನ್ನ ಮೊದಲ ಓಟದ ದಿನ ದಾರಿಯಲ್ಲಿ ಯಾರೋ ಕೊಟ್ಟ ಅಂಟು ಅಂಟಾದ ಜೆಲ್ ನುಂಗಿ ಹದಿನಾಲ್ಕನೇ ಕಿಲೋಮೀಟರಿನಲ್ಲಿ ಪೊದೆ ಹುಡುಕಬೇಕಾಯಿತು.

ನೀರನ್ನು ಬಾಯಾರಿದಾಗ ಕುಡಿಯಿರಿ. ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ಅಪಾಯವಿದೆ. ಉದ್ದ ಓಟದ ಮುಂಚೆ, ಆಮೇಲೆ ತೂಕ ನೋಡಿ. ನೂರಕ್ಕೆ ಎರಡರಷ್ಟು ಇಳಿದಿದ್ದರೆ ಚಿಂತೆಯಿಲ್ಲ. ಏರಿದ್ದರೆ ಕುಡಿದದ್ದು ಹೆಚ್ಚಾಗಿದೆ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಸಾಕು. ಓಆರ್‌ಎಸ್ ಪೊಟ್ಟಣ ಬಳಸುವುದಾದರೆ ಅದರ ಮೇಲೆ ಬರೆದಷ್ಟೇ ನೀರು ಹಾಕಿ, ಅರ್ಧ ಲೋಟದಲ್ಲಿ ಗಟ್ಟಿಯಾಗಿ ಕಲಸಬೇಡಿ.

ನಿಲ್ಲಬೇಕಾದ ಸೂಚನೆಗಳು

ಎರಡೂ ಕಾಲಿನಲ್ಲಿ ಹರಡಿದ ಮೈಕೈ ನೋವು, ಬಿಸಿ ನೀರಿನ ಸ್ನಾನಕ್ಕೆ ಹಿತವೆನಿಸಿ ಎರಡು ದಿನದಲ್ಲಿ ಕರಗುವಂಥದ್ದು, ದುಡಿಮೆಯ ನೋವು. ಅದಕ್ಕೆ ಹೆದರಬೇಡಿ.

ಒಂದೇ ಕಾಲಿನಲ್ಲಿ, ಒಂದೇ ಬೆರಳಿನಿಂದ ಇಲ್ಲಿ ಎಂದು ಮುಟ್ಟಿ ತೋರಿಸುವಂಥ ಮೂಳೆನೋವು ಬೇರೆ ಜಾತಿಯದು. ಆ ಕಾಲಿನಲ್ಲಿ ಕುಪ್ಪಳಿಸಿದರೆ ಚುಚ್ಚುತ್ತದೆಯೇ, ರಾತ್ರಿ ಮಲಗಿದಾಗಲೂ ಮಿಡಿಯುತ್ತದೆಯೇ ನೋಡಿ. ಹೌದಾದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಮೊದಮೊದಲು ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಚಿತ್ರ ಸರಿಯಿದೆ ಎಂದ ಮಾತ್ರಕ್ಕೆ ಮರುದಿನವೇ ಓಡಬೇಡಿ.

ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿ ಚಳಕ್ ಎಂದರೆ ಪಾದದ ಅಡಿಯ ಪಟ್ಟಿ ಬಿಗಿದಿದೆ. ಒಂದು ವಾರ ನಿಮಿಷ ಅರ್ಧಕ್ಕಿಳಿಸಿ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ, ಮೀನಖಂಡ ಎಳೆದು ಸಡಿಲಿಸಿ.

ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ, ನಿಮ್ಮ ಮಾಮೂಲಿ ಅಂಕಿ ತಿಳಿದಿರಲಿ. ಅದು ಎರಡು ದಿನ ಸತತ ಏಳೆಂಟು ಹೆಚ್ಚಿದ್ದು, ನಿದ್ದೆಯೂ ಕೆಟ್ಟು, ಸಣ್ಣದಕ್ಕೆಲ್ಲ ಮನೆಯವರ ಮೇಲೆ ರೇಗುತ್ತಿದ್ದರೆ ವಿಶ್ರಾಂತಿ ಸಾಲದು ಎಂದರ್ಥ. ಜ್ವರವಿದ್ದರೆ ಓಡುವ ಹಾಗೇ ಇಲ್ಲ. ಡೆಂಗಿ ಆಗಿದ್ದರೆ ವೈದ್ಯರು ಹೇಳುವ ತನಕ ಶೂ ಮುಟ್ಟಬೇಡಿ.

ಎದೆನೋವು, ತಲೆ ತಿರುಗು, ಬಿಸಿಲಿನಲ್ಲಿ ಮೈ ಜುಮ್ಮೆಂದು ಚಳಿಯಾಗುವುದು, ಮಾತು ತೊದಲುವುದು, ಇವು ಕಂಡ ಕ್ಷಣ ನಿಲ್ಲಿ, ನೆರಳಿಗೆ ಹೋಗಿ, ಯಾರನ್ನಾದರೂ ಕರೆಯಿರಿ. ನೋವಿನ ಮಾತ್ರೆ ನುಂಗಿ ಓಡುವ ಚಾಳಿ ಕೆಲವರಲ್ಲಿದೆ. ನೀರಿನಂಶ ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್‌ನಂಥವು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲವು. ಮಾತ್ರೆ ಬೇಕೆನಿಸಿದರೆ ಅವತ್ತು ಓಟ ಬೇಡ.

ಹಂತ 8: ಕೊನೆಯ ಎರಡು ವಾರ, ಓಟದ ದಿನ

ಹದಿನೈದನೇ ವಾರ ದಿನಗಳು ಅವೇ, ನಿಮಿಷ ಮೂರನೇ ಎರಡು ಭಾಗ. ಹದಿನಾರನೇ ವಾರ ಮಂಗಳವಾರ 30, ಗುರುವಾರ 20, ಶನಿವಾರ ಬರೀ ನಡಿಗೆ. ಈ ದಿನಗಳಲ್ಲಿ ಇಲ್ಲದ ನೋವೆಲ್ಲ ಹುಟ್ಟಿದಂತೆ ಅನಿಸುತ್ತದೆ. ಬಹುಪಾಲು ಮನಸ್ಸಿನ ಆಟ. ಹಳೆಯ ಬಟ್ಟೆ, ಹಳೆಯ ಶೂ, ತಿಂದು ಗೊತ್ತಿರುವ ತಿಂಡಿ. ಹೊಸದು ಯಾವುದೂ ಬೇಡ. ಎದೆಗೆ ಹಚ್ಚುವ ಸಂಖ್ಯೆಯ ಚೀಟಿಗೆ ನಾಲ್ಕೂ ಪಿನ್ನು ಹಿಂದಿನ ರಾತ್ರಿಯೇ ಚುಚ್ಚಿಡಿ.

ಓಟದ ಎರಡು, ಎರಡೂವರೆ ಗಂಟೆ ಮುಂಚೆ ಎರಡು ಇಡ್ಲಿಯೋ ಒಂದು ತಟ್ಟೆ ಅವಲಕ್ಕಿಯೋ ತಿನ್ನಿ. ಗುಂಪಿನಲ್ಲಿ ಹಿಂದೆ ನಿಲ್ಲಿ. ಡೋಲು, ಕೂಗಾಟ, ಮೈಯಲ್ಲಿ ಎರಡು ವಾರದ ವಿಶ್ರಾಂತಿ, ಎಲ್ಲ ಸೇರಿ ಮೊದಲ ಮೂರು ಕಿ.ಮೀ. ನಿಮ್ಮನ್ನು ಎಳೆದುಕೊಂಡು ಹೋಗುತ್ತವೆ. ಅಲ್ಲಿ ಗಳಿಸಿದ ಒಂದು ನಿಮಿಷಕ್ಕೆ ಹದಿನೇಳನೇ ಕಿಲೋಮೀಟರಿನ ನಂತರ ಐದು ನಿಮಿಷ ಬಡ್ಡಿ ಕಟ್ಟಬೇಕಾಗುತ್ತದೆ. ಹತ್ತನೇ ಕಿ.ಮೀ. ತನಕ ಏಳರ ಮಗ್ಗಿ, ಮೂರು ಸಾಲು. ಹದಿನಾರರ ತನಕ ಎರಡು ಸಾಲು. ಆಮೇಲೆ ಕಾಲು ಒಪ್ಪಿದರೆ ಒಂದು ಸಾಲಿಗಿಳಿಯಿರಿ, ಒಪ್ಪದಿದ್ದರೆ ಹಳೆಯ ಒಂಬತ್ತು-ಒಂದು ಲೆಕ್ಕಕ್ಕೆ ಮರಳಿ.

ಗೆರೆ ದಾಟಿದ ಕೂಡಲೇ ನೆಲಕ್ಕೆ ಕುಸಿದು ಕೂರಬೇಡಿ, ಹತ್ತು ನಿಮಿಷ ನಡೆಯಿರಿ. ಒದ್ದೆ ಅಂಗಿ ಬದಲಿಸಿ, ಒಂದು ಗಂಟೆಯೊಳಗೆ ಊಟ ಮಾಡಿ. ಮರುದಿನ ಮೆಟ್ಟಿಲು ಇಳಿಯುವುದೇ ಕಷ್ಟವಾದೀತು. ಕಂಬಿ ಹಿಡಿದು, ಬೆನ್ನು ಮುಂದೆ ಮಾಡಿ ಇಳಿಯಿರಿ, ಮಕ್ಕಳು ನಕ್ಕರೆ ನಗಲಿ. ಮುಂದಿನ ಏಳು ದಿನ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ ಮಾತ್ರ ಇರಲಿ.